ಮೊಮ್ಮಕ್ಕಳ ಜೊತೆ ಮಿನಿಯೇಚರ್ ಕುದುರೆ ಶೋ: ಎಲ್ಲಿಂದ ಶುರು ಮಾಡೋದು?

ಹಿತ್ತಲಮನೆ ಅಜ್ಜಿ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿದ್ದೇವೆ. ಮೊಮ್ಮಕ್ಕಳು ಇಬ್ಬರು. ಹುಡುಗಿಗೆ 9, ಅವಳ ತಮ್ಮನಿಗೆ 6. ಕೌಂಟಿ ಫೇರ್‌ನಲ್ಲಿ ಪುಟ್ಟ ಪುಟ್ಟ ಕುದುರೆಗಳನ್ನು ಮಕ್ಕಳೇ ಹಗ್ಗ ಹಿಡಿದು ನಡೆಸುವುದನ್ನು ನೋಡಿ ಬಂದ ಮೇಲೆ ಇಬ್ಬರಿಗೂ ಅದೇ ಜಪ. ಮನೆ ಹಿಂದೆ ಜಾಗ ಇದೆ, ಬೇಲಿ ಇದೆ. ನನಗೂ ಯಜಮಾನರಿಗೂ ಈಗ ಬಿಡುವಿದೆ. ದನ ಕಟ್ಟಿದ ಮನೆಯವರೇ ನಾವು, ಲದ್ದಿ ಬಾಚೋದಕ್ಕೆ ಬೇಜಾರಿಲ್ಲ. ಕುದುರೆ ಮಾತ್ರ ಇಬ್ಬರಿಗೂ ಹೊಸದು.

ಒಬ್ಬರು 2 ವರ್ಷದ ಗಂಡು ಕುದುರೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಇನ್ನೂ ಬೀಜ ಒಡೆಸಿಲ್ಲ. "ಮಕ್ಕಳ ಜೊತೆಯಲ್ಲೇ ಬೆಳೆಯಲಿ, ಹೊಂದಿಕೊಳ್ಳುತ್ತೆ" ಅಂತಾರೆ. ನೋಡೋಕೆ ಮುದ್ದು ಅಂದ್ರೆ ಮುದ್ದು. ತಗೋಬಹುದಾ? ಶೋ ಅಂದ್ರೆ ಮಕ್ಕಳು ಅಲ್ಲಿ ಏನು ಮಾಡಬೇಕು? ಚಿಕ್ಕವನು ಮೇಲೆ ಕೂರಬಹುದಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಮೂವತ್ನಾಲ್ಕು ಇಂಚು

ಅಮ್ಮಾ, ಬೇಡ. ಆ ಕುದುರೆಯನ್ನು ಅಲ್ಲೇ ಬಿಟ್ಟು ಬನ್ನಿ.

ನಾನು ಈ ಕುದುರೆಗಳನ್ನು ಸಾಕಿ ಮಾರುವವನು. ನನ್ನ ಲಾಯದಲ್ಲೂ ಬೀಜದ ಗಂಡು ಇದೆ, ಅದರ ಬಗ್ಗೆ ದೂರಿಲ್ಲ. ಆದರೆ ಕುದುರೆ ಹೊಸದು, ಮಕ್ಕಳೂ ಹೊಸಬರು, ಹಿರಿಯರೂ ಹೊಸಬರು ಅಂದ್ರೆ ಅಲ್ಲಿ ಕಲಿಸುವವರು ಯಾರು? ಎತ್ತರ ಚಿಕ್ಕದು ಅಷ್ಟೇ, ಬುದ್ಧಿ ಪೂರ್ತಿ ಕುದುರೆಯದ್ದೇ. ಕಚ್ಚುತ್ತೆ, ಒದೆಯುತ್ತೆ, ಹೆಣ್ಣು ಕುದುರೆಯ ವಾಸನೆ ಬಂದ್ರೆ ಮುಂಗಾಲೆತ್ತಿ ನಿಲ್ಲುತ್ತೆ. 6 ವರ್ಷದ ಹುಡುಗನ ಮುಖ ಅದರ ಹಲ್ಲಿನ ಮಟ್ಟಕ್ಕೇ ಇರುತ್ತೆ ಅನ್ನೋದು ನೆನಪಿರಲಿ.

ನಿಮಗೆ ಬೇಕಾಗಿರೋದು ಗೆಲ್ಡಿಂಗ್, ಅಂದ್ರೆ ಬೀಜ ಒಡೆಸಿದ ಗಂಡು. ವಯಸ್ಸು 8ರಿಂದ 15 ಇದ್ದರೆ ಚೆನ್ನ. ಈಗಾಗಲೇ ನಾಲ್ಕಾರು ಶೋ ನೋಡಿರಬೇಕು. ಮೈಕ್ ಶಬ್ದ, ಚಪ್ಪಾಳೆ, ಪಕ್ಕದಲ್ಲಿ ಹಾರಾಡುವ ಪ್ಲಾಸ್ಟಿಕ್ ಚೀಲ ಯಾವುದಕ್ಕೂ ಕಿವಿ ಅಲ್ಲಾಡಿಸಬಾರದು. ವಯಸ್ಸಾಯ್ತು ಅಂತ ಹಿಂಜರಿಯಬೇಡಿ. ಚೆನ್ನಾಗಿ ನೋಡಿಕೊಂಡರೆ 25, 30 ವರ್ಷ ಬದುಕುವ ಜೀವ ಇದು. 12 ವರ್ಷದ್ದು ತಂದರೂ ನಿಮ್ಮ ಮೊಮ್ಮಗಳು ಕಾಲೇಜಿಗೆ ಹೋಗುವಾಗಲೂ ಹಿತ್ತಲಲ್ಲಿ ಮೇಯುತ್ತಾ ಇರುತ್ತೆ.

ಇನ್ನು ದಾಖಲೆ. ಇಲ್ಲಿ ಮುಖ್ಯವಾಗಿ ಎರಡು ಸಂಸ್ಥೆಗಳು. 1978ರಲ್ಲಿ ಶುರುವಾದ ಎಎಂಎಚ್‌ಎ, ಅಂದ್ರೆ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್. ಅಲ್ಲಿ ಕುದುರೆ 34 ಇಂಚು ಮೀರುವಂತಿಲ್ಲ. ಇನ್ನೊಂದು ಎಎಂಎಚ್‌ಆರ್. ಇದು ಶೆಟ್ಲೆಂಡ್ ಪೋನಿ ಕ್ಲಬ್‌ನವರು 1972ರಲ್ಲಿ ತೆರೆದ ನೋಂದಣಿ. ಅಲ್ಲಿ ಎರಡು ವರ್ಗ. 34ರವರೆಗೆ 'ಎ', ಅದಕ್ಕಿಂತ ಮೇಲೆ 38 ಇಂಚಿನವರೆಗೆ 'ಬಿ'. ಎರಡೂ ಕಡೆ ನೋಂದಣಿ ಆದ ಕುದುರೆಗಳೂ ಸಿಗುತ್ತವೆ. ಮಾರುವವರು "ಪೇಪರ್ ಆಮೇಲೆ ಕಳಿಸ್ತೀನಿ" ಅಂದ್ರೆ ದುಡ್ಡೂ ಆಮೇಲೆ ಕಳಿಸ್ತೀನಿ ಅನ್ನಿ.

ಹಿತ್ತಲಮನೆ ಅಜ್ಜಿ

ಸರಿ, ಆ ಮುದ್ದು ಕುದುರೆ ಆಸೆ ಬಿಟ್ಟೆ. ಒಂದು ಸಂಶಯ. ಅಳತೆ ಎಲ್ಲಿಂದ ಎಲ್ಲಿಗೆ? ಇನ್ನೊಬ್ಬರು ತಮ್ಮ ಕುದುರೆ "35, ಆದ್ರೂ 34ರಲ್ಲಿ ಪಾಸ್ ಆಗುತ್ತೆ" ಅಂದ್ರು. ಮೋಸ ಅನ್ನಿಸಿತು.

ಮೂವತ್ನಾಲ್ಕು ಇಂಚು

ಮೋಸ ಆಗಿರಲೇಬೇಕು ಅಂತಿಲ್ಲ. ದೊಡ್ಡ ಕುದುರೆಗಳನ್ನು ಹೆಗಲಿನ ಏರಿನ ಮೇಲೆ ಅಳೆಯುತ್ತಾರೆ. ಇವನ್ನು ಹಾಗಲ್ಲ. ಜೂಲಿನ ಕಟ್ಟಕಡೆಯ ಕೂದಲು ಎಲ್ಲಿ ಹುಟ್ಟುತ್ತೋ ಅಲ್ಲಿಂದ ನೆಲಕ್ಕೆ ಅಳತೆ. ಎರಡೂ ಕಡೆ ಅಳೆದರೆ ಲೆಕ್ಕ ಬೇರೆ ಬೇರೆ ಬರುವುದುಂಟು. ಅವರು ಯಾವುದನ್ನು 35 ಅಂದ್ರು ಅಂತ ಕೇಳಿ. ಇನ್ನೂ ಬೆಳೆಯುವ ವಯಸ್ಸಿನ ಮರಿ ತಂದರೆ ಈ ತಲೆನೋವು ಜಾಸ್ತಿ. ಇವತ್ತು 33 ಇದ್ದದ್ದು ಮುಂದೆ 34 ದಾಟಿದರೆ ಎಎಂಎಚ್‌ಎ ರಿಂಗ್, ಅಂದ್ರೆ ಶೋ ನಡೆಯುವ ಅಂಗಳದ ಬಾಗಿಲು ಮುಚ್ಚಿತು. ಬೆಳೆದು ನಿಂತ ಕುದುರೆ ತಗೊಳ್ಳಿ ಅನ್ನೋದಕ್ಕೆ ಇದೂ ಒಂದು ಕಾರಣ.

ಬಾಯಿಕುಕ್ಕೆ

ಶೋ ಮಾತಿಗೆ ಮೊದಲು ಮನೆ ಮಾತು ಆಡೋಣ. ರಿಂಗ್‌ನಲ್ಲಿ ಇರೋದು ಹತ್ತು ನಿಮಿಷ, ಮಿಕ್ಕ ದಿನವೆಲ್ಲ ಹಿತ್ತಲಲ್ಲೇ ಅಲ್ವಾ.

ಅಮ್ಮ, ಒಂಟಿ ಕುದುರೆ ತರಬೇಡಿ. ಅದು ಹಿಂಡಿನ ಪ್ರಾಣಿ. ಜೊತೆ ಇಲ್ಲದಿದ್ದರೆ ಬೇಲಿ ಪಕ್ಕ ನಡೆದೂ ನಡೆದೂ ಸೊರಗುತ್ತೆ. ಎರಡು ತಂದರೆ ಇಬ್ಬರು ಮಕ್ಕಳಿಗೂ ಆಯಿತು. ಎರಡನೆಯದು ಶೋಗೆ ಹೋಗುವಂಥದ್ದೇ ಆಗಬೇಕಿಲ್ಲ.

ಮೇವಿನ ವಿಷಯದಲ್ಲಿ ದನದ ಲೆಕ್ಕ ಮರೆತುಬಿಡಿ. ಈ ಜಾತಿ ಗಾಳಿ ಕುಡಿದರೂ ದಪ್ಪ ಆಗುತ್ತೆ. 90 ಕಿಲೋ ತೂಕದ ಕುದುರೆಗೆ ದಿನಕ್ಕೆ ಒಂದೂವರೆ ಕಿಲೋ ಆಸುಪಾಸು ಒಣಹುಲ್ಲು ಸಾಕು. ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಭಾಗ ಅಂತ ಲೆಕ್ಕ. ಕೈ ಅಂದಾಜು ಬೇಡ, ತಕ್ಕಡಿಯಲ್ಲಿ ತೂಗಿ ಹಾಕಿ. ಹಸಿರು ಹುಲ್ಲಿನಲ್ಲಿ ದಿನವಿಡೀ ಬಿಟ್ಟರೆ ಲ್ಯಾಮಿನೈಟಿಸ್ ಬರುತ್ತೆ, ಅಂದ್ರೆ ಗೊರಸಿನ ಒಳಗಿನ ಪದರಕ್ಕೆ ಉರಿಯೂತ. ಮುಂಗಾಲಿಗೆ ಭಾರ ಹಾಕದೆ ಹಿಂದಕ್ಕೆ ವಾಲಿ ನಿಂತಿದೆ, ಗೊರಸು ಮುಟ್ಟಿದರೆ ಬಿಸಿ ಅಂದ್ರೆ ಸಂಜೆವರೆಗೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಮೇಯಲು ಬಿಡುವಾಗ ಬಾಯಿಕುಕ್ಕೆ ಹಾಕಿ. ಕಣದಲ್ಲಿ ಎತ್ತಿಗೆ ಹಾಕುತ್ತಿದ್ದರಲ್ಲ, ಅದೇ. ಇಲ್ಲಿಯದಕ್ಕೆ ತಳದಲ್ಲಿ ಸಣ್ಣ ತೂತು ಇರುತ್ತೆ, ಅದರಿಂದ ಎರಡೆರಡೇ ಎಸಳು ಬಾಯಿಗೆ ಸಿಗುತ್ತೆ.

ಹಾಗಂತ ಉಪವಾಸ ಕೆಡವಿ ತೆಳ್ಳಗೆ ಮಾಡೋಕೆ ಹೋಗಬೇಡಿ. ದಪ್ಪ ಇರುವ ಮಿನಿಯೇಚರ್ ಒಂದೆರಡು ದಿನ ಮೇವು ಬಿಟ್ಟರೆ ಮೈಯೊಳಗಿನ ಕೊಬ್ಬೆಲ್ಲ ರಕ್ತಕ್ಕೆ ಇಳಿದು ಯಕೃತ್ತು ಕೆಡುತ್ತೆ. ದೊಡ್ಡ ಕುದುರೆಗಳಿಗಿಂತ ಇವಕ್ಕೆ ಈ ಅಪಾಯ ಜಾಸ್ತಿ. ಬೆಳಿಗ್ಗೆ ಹಾಕಿದ ಹುಲ್ಲು ಮಧ್ಯಾಹ್ನ ಹಾಗೇ ಇದ್ದರೆ ಅದೇ ಎಚ್ಚರಿಕೆ.

ಗೊರಸು 6ರಿಂದ 8 ವಾರಕ್ಕೊಮ್ಮೆ ಕತ್ತರಿಸಬೇಕು. ಹಲ್ಲು ವರ್ಷಕ್ಕೊಮ್ಮೆಯಾದರೂ ತೋರಿಸಬೇಕು. ಪುಟ್ಟ ದವಡೆಯಲ್ಲಿ ಅಷ್ಟೂ ಹಲ್ಲು ಒತ್ತೊತ್ತಾಗಿ ಇರುತ್ತವೆ. ಬೇಲಿ ಅಂದ್ರಲ್ಲ, ಎಂಥ ಬೇಲಿ? ಹಲಗೆಗಳ ನಡುವೆ ಅಗಲ ಸಂದಿ ಇರುವ ಬೇಲಿ ಆದರೆ ಇವು ಅಡಿಯಲ್ಲೇ ನುಸುಳಿ ಹೋಗುತ್ತವೆ, ಹೊರಗಿನ ನಾಯಿ ಒಳಗೆ ಬರುತ್ತೆ. ಮಿನಿಯೇಚರ್‌ಗಳಿಗೆ ನಾಯಿ ಕಾಟ ಸಣ್ಣದಲ್ಲ. 2 ಇಂಚು, 4 ಇಂಚಿನ ಕಣ್ಣಿರುವ ಗಟ್ಟಿ ಜಾಲರಿ ಹಾಕಿಸಿ.

ಮಕ್ಕಳ ಅಮ್ಮ

ನನ್ನ ಮಗಳು ಪ್ರಾಣಿ ಸಾಕೋದು ಮುಂತಾದ್ದನ್ನು ಕಲಿಸುವ ಮಕ್ಕಳ ಕ್ಲಬ್ 4-ಎಚ್‌ನಲ್ಲಿ ಇದ್ದಾಳೆ. ನಿಮ್ಮ ಮೊಮ್ಮಗಳಿಗೆ 9 ಅಂದ್ರೆ ಸೇರಿಸಬಹುದು, ಸಾಮಾನ್ಯವಾಗಿ 8ರಿಂದ ಸ್ಪರ್ಧೆಗೆ ಬಿಡುತ್ತಾರೆ. ಚಿಕ್ಕವನದ್ದು ನಿಮ್ಮ ಕೌಂಟಿಯಲ್ಲಿ ಕೇಳಿ ನೋಡಿ. ಪುಟಾಣಿಗಳ ಗುಂಪಿಗೆ ಪ್ರಾಣಿಗಳ ನಿಯಮ ಒಂದೊಂದು ಕಡೆ ಒಂದೊಂದು ಥರ.

ಕುದುರೆ ಕೊಳ್ಳುವ ಮೊದಲೇ ಇದನ್ನು ಮಾಡಿ. ಹತ್ತಿರದ ಸಣ್ಣ ಓಪನ್ ಶೋ (ಯಾರು ಬೇಕಾದರೂ ಭಾಗವಹಿಸಬಹುದಾದ ಶೋ) ಒಂದಕ್ಕೆ ಬರಿಗೈಲಿ ಹೋಗಿ, ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ನೋಡಿ. ರಿಂಗ್ ಪಕ್ಕ ಅಲ್ಲ, ಲಾಯಗಳ ಪಕ್ಕ. ಯಾವ ಮನೆಯವರು ಮಕ್ಕಳ ಮೇಲೆ ರೇಗುತ್ತಾರೆ, ಯಾರು ಕುದುರೆಗೆ ಮೊದಲು ನೀರು ಇಟ್ಟು ಆಮೇಲೆ ತಾವು ಕೂರುತ್ತಾರೆ ಎಲ್ಲ ಅಲ್ಲೇ ಗೊತ್ತಾಗುತ್ತೆ. ಎರಡನೇ ಥರದವರ ಹತ್ತಿರ ಮಾತಾಡಿ. ಒಂದು ಸೀಸನ್‌ಗೆ ಕುದುರೆ ಗುತ್ತಿಗೆಗೆ ಕೊಡುವವರೂ ಇದ್ದಾರೆ. ಗುತ್ತಿಗೆ ಕುದುರೆಯ ನಿಯಮ ಮಾತ್ರ ಆಯಾ ಶೋನವರನ್ನು ಕೇಳಿಯೇ ಮುಂದುವರಿಯಿರಿ.

ಕ್ಲಾಸ್ (ಶೋನ ಒಂದೊಂದು ಸ್ಪರ್ಧೆ) ಬಗ್ಗೆ ಹೇಳೋದಾದರೆ, ಹಾಲ್ಟರ್ (ಕುದುರೆಯ ತಲೆಗೆ ಹಾಕುವ ಮುಖದಾರ) ಕ್ಲಾಸ್‌ನಲ್ಲಿ ಜಡ್ಜ್ ನೋಡೋದು ಕುದುರೆಯ ಮೈಕಟ್ಟು. ಶೋಮನ್‌ಶಿಪ್‌ನಲ್ಲಿ ನೋಡೋದು ಮಗು ಹೇಗೆ ನಡೆಸುತ್ತೆ ಅನ್ನೋದನ್ನ. ಹಾಗಾಗಿ ಸಾಧಾರಣ ಕುದುರೆ ಹಿಡಿದ ಮಗುವೂ ಅಲ್ಲಿ ಗೆಲ್ಲಬಹುದು. ನನ್ನ ಕೇಳಿದರೆ ಮೊದಲ ವರ್ಷ ಶೋಮನ್‌ಶಿಪ್ ಮತ್ತು ಅಡೆತಡೆ ಕ್ಲಾಸ್, ಎರಡೇ ಸಾಕು. ಅಡೆತಡೆ ಅಂದ್ರೆ ಮರದ ಸೇತುವೆ ದಾಟಿಸೋದು, ನೆಲದ ಮೇಲಿನ ಕೋಲುಗಳ ನಡುವೆ ಹಿಂದಕ್ಕೆ ನಡೆಸೋದು, ಗೇಟ್ ತೆಗೆದು ಹಾಕೋದು. ಮಕ್ಕಳಿಗೆ ಇದು ಆಟವೇ. ವೇಷದ ಕ್ಲಾಸ್ ಒಂದಿದೆ, ಕುದುರೆಗೂ ಮಗುವಿಗೂ ಜೋಡಿ ವೇಷ. ನಿಮ್ಮ ಚಿಕ್ಕವನು ಅದಕ್ಕೆ ಕುಣಿದುಕೊಂಡು ಬರುತ್ತಾನೆ, ನೋಡ್ತಿರಿ.

ನೀಲಿ ರಿಬ್ಬನ್

ನಮಸ್ತೆ ಅಜ್ಜಿ, ನನಗೆ 16. ನಮ್ಮ ತಾತ ನನಗೆ ಕಲಿಸಿದ್ದು, ಈಗ ನಾನು ತಂಗಿಗೆ ಕಲಿಸ್ತಿದೀನಿ. ಶೋಮನ್‌ಶಿಪ್ ಪೂರ್ತಿ ಹೇಳ್ತೀನಿ, ಅಕ್ಕನ ಹತ್ತಿರ ಓದಿಸಿ.

ಕುದುರೆಯ ಎಡಗಡೆ ನಿಲ್ಲಬೇಕು, ಅದರ ತಲೆಗೂ ಹೆಗಲಿಗೂ ನಡುವೆ. ಹಗ್ಗ ಬಲಗೈಲಿ. ಉಳಿದ ಉದ್ದವನ್ನು ಮಡಿಕೆ ಮಡಿಕೆಯಾಗಿ ಮಾಡಿ ಎಡಗೈಲಿ ಹಿಡೀಬೇಕು. ಕೈಗೆ ಸುತ್ತಿಕೊಳ್ಳಲೇಬಾರದು! ಕುದುರೆ ಬೆದರಿ ಎಳೆದರೆ ಸುತ್ತಿದ ಹಗ್ಗ ಬಿಗಿಯುತ್ತೆ, ಮಡಿಕೆ ಆದರೆ ಬಿಚ್ಚಿಕೊಳ್ಳುತ್ತೆ. ತಿರುಗಿಸುವಾಗ ನಮ್ಮ ಕಡೆ ಎಳೆಯೋದಲ್ಲ, ಬಲಕ್ಕೆ ನಮ್ಮಿಂದ ಆಚೆ ತಳ್ಳಿ ತಿರುಗಿಸೋದು. ಆಗ ನಮ್ಮ ಕಾಲು ಅದರ ಗೊರಸಿನಡಿ ಸಿಗಲ್ಲ.

ಜಡ್ಜ್ ಸುತ್ತ ಬರುವಾಗ ನಾವು ಜಾಗ ಬದಲಾಯಿಸ್ತಾ ಇರಬೇಕು, ಇದೇ ಎಲ್ಲರೂ ಒದ್ದಾಡೋ ಕಡೆ. ಕುದುರೆಯ ಮೈಮೇಲೆ ಉದ್ದಕ್ಕೊಂದು ಅಡ್ಡಕ್ಕೊಂದು ಗೆರೆ ಎಳೆದು ನಾಲ್ಕು ಭಾಗ ಮಾಡಿದ ಹಾಗೆ ಯೋಚಿಸಿ. ಜಡ್ಜ್ ಮುಂದಿನ ಭಾಗದಲ್ಲಿದ್ದರೆ ನಾವು ಅವರ ಎದುರು ಬದಿಗೆ. ಹಿಂದಿನ ಭಾಗಕ್ಕೆ ಹೋದರೆ ನಾವು ಅವರಿದ್ದ ಬದಿಗೇ. ಕಾರಣ ಇದೆ. ಜಡ್ಜ್ ಹಿಂದೆ ಇದ್ದಾಗ ಕುದುರೆ ಗಾಬರಿ ಆದರೆ ತಲೆಯನ್ನು ನಮ್ಮ ಕಡೆ ಎಳ್ಕೋತೀವಿ, ಆಗ ಅದರ ಹಿಂಭಾಗ ಜಡ್ಜ್‌ನಿಂದ ಆಚೆ ಹೋಗುತ್ತೆ, ಒದೆ ಬೀಳಲ್ಲ. ಕಾರಣ ಗೊತ್ತಾದ ಮೇಲೆ ನಮ್ಮ ತಂಗಿ ತಪ್ಪೇ ಮಾಡಲಿಲ್ಲ. ಮನೆಯಲ್ಲಿ ಊಟದ ಮೇಜನ್ನೇ ಕುದುರೆ ಮಾಡಿ, ಅಜ್ಜ ಜಡ್ಜ್ ಆಗಿ ಸುತ್ತಲಿ. ಸೂಪರ್ ಪ್ರಾಕ್ಟೀಸ್.

ಮತ್ತೆ ನಮ್ಮ ಮುಂದಿನ ಕುದುರೆಗೆ ತುಂಬಾ ಹತ್ತಿರ ಹೋಗಬಾರದು, ಒಂದು ಕುದುರೆ ಹಿಡಿಸುವಷ್ಟು ಜಾಗ ಬಿಡಬೇಕು. ಜೇಬಲ್ಲಿ ತಿಂಡಿ ಇಟ್ಕೊಂಡು ಹೋದರೆ ಅದು ಜೇಬನ್ನೇ ಕಚ್ಚುತ್ತೆ, ಬೇಡ.

ಸಾರಥಿ

ಎಲ್ಲರೂ ನಡೆಸೋದರ ಬಗ್ಗೆಯೇ ಹೇಳ್ತಿದ್ದೀರಿ. ಮಿನಿಯೇಚರ್ ಕುದುರೆಯ ನಿಜವಾದ ಮಜಾ ಗಾಡಿಯಲ್ಲಿ. ಸಣ್ಣ ಎರಡು ಗಾಲಿ ಗಾಡಿ, ಪಕ್ಕದಲ್ಲಿ ಮೊಮ್ಮಗ, ಕೈಲಿ ಲಗಾಮು. ಮಂಡಿ ನೋವಿನ ಅಜ್ಜಂದಿರೂ ಮಾಡಬಹುದಾದ ಕೆಲಸ ಇದು. ಮಕ್ಕಳು ನಡೆಸೋ ಕ್ಲಾಸ್‌ನಲ್ಲಿ ಹಿರಿಯರು ಬೇಲಿ ಆಚೆ ನಿಂತು ಫೋಟೋ ತೆಗೆಯಬೇಕು, ಅಷ್ಟೇ. ಶುರುವಿನಲ್ಲೇ ಗಾಡಿ ಪಳಗಿಸಿದ ಕುದುರೆ ತಂದರೆ ಒಳ್ಳೇದಲ್ವಾ?

ಮೂವತ್ನಾಲ್ಕು ಇಂಚು

ಸಾರಥಿಯವರೇ, ಗಾಡಿ ಪಳಗಿದ ಕುದುರೆ ಸಿಕ್ಕರೆ ಖಂಡಿತ ತರಲಿ. ಆದರೆ ಮೊದಲ ವರ್ಷ ಗಾಡಿ ಶೆಡ್‌ನಲ್ಲೇ ಇರಲಿ. ಕೈಯಲ್ಲಿ ಹಿಡಿದ ಕುದುರೆ ಬೆದರಿದರೆ ಹಗ್ಗ ಬಿಟ್ಟರಾಯಿತು. ಗಾಡಿ ಕಟ್ಟಿದ ಕುದುರೆ ಬೆದರಿದರೆ ಗಾಡಿಯೇ ಅದನ್ನು ಅಟ್ಟಿಸಿಕೊಂಡು ಬರುತ್ತೆ, ಅದು ಇನ್ನೂ ಓಡುತ್ತೆ. ಹೊಸಬರು ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಲಗಾಮು ಹಿಡಿಯಬಾರದು. ಹೆಲ್ಮೆಟ್ ಎಲ್ಲರಿಗೂ, ಅಜ್ಜನಿಗೂ. ಕುದುರೆಗೆ 3 ವರ್ಷ ತುಂಬುವ ಮೊದಲು ಗಾಡಿಯೂ ಬೇಡ, ಜಿಗಿತವೂ ಬೇಡ, ಮೂಳೆ ಇನ್ನೂ ಎಳೆಯದು.

ಕಡ್ಡಿ ಮುರಿದ ಹಾಗೆ ಅನ್ನಿಸಿದರೂ ಹೇಳ್ತೀನಿ, ಸವಾರಿ ಬೇಡ ಅಮ್ಮ. 90 ಕಿಲೋ ಕುದುರೆ ಮೇಲೆ 20 ಕಿಲೋ ಹುಡುಗ ಐದು ನಿಮಿಷ ಕೂತರೆ ಏನೂ ಆಗಲ್ಲ ನಿಜ. ಆದರೆ ಅವನು ವರ್ಷ ವರ್ಷ ಬೆಳೀತಾನೆ, ಕುದುರೆ ಬೆಳೆಯಲ್ಲ. ರುಚಿ ಹತ್ತಿಸಿ ಆಮೇಲೆ ಇಳಿ ಅನ್ನೋದಕ್ಕಿಂತ "ಇದು ಕೂರೋ ಕುದುರೆ ಅಲ್ಲ" ಅಂತ ಮೊದಲ ದಿನವೇ ಹೇಳೋದು ಸುಲಭ.

ಹಿತ್ತಲಮನೆ ಅಜ್ಜಿ

ಊಟದ ಮೇಜಿನ ಸುತ್ತ ನಿನ್ನೆ ಸಂಜೆ ಶೋ ಆಯಿತು! ಯಜಮಾನರು ಜಡ್ಜ್. ಚಿಕ್ಕವನಿಗೆ ಬರೀ ಸಲ್ಯೂಟ್ ಹೊಡೆಯೋದರಲ್ಲೇ ಆಸಕ್ತಿ. ಅಕ್ಕ ಮಾತ್ರ ಗಂಭೀರವಾಗಿ ಕಲಿತಳು.

ಬೇಲಿ ಜಾಲರಿ ಹಾಕಿಸುತ್ತಿದ್ದೇವೆ. ಶೋ ದಿನದ ತಯಾರಿ ಹೇಗೆ? ಅಲ್ಲಿ ನೋಡಿದ ಕುದುರೆಗಳೆಲ್ಲ ರೇಷ್ಮೆ ಥರ ಹೊಳೀತಿದ್ದವು. ನಾವು ನೋಡಿ ಬಂದ ಕುದುರೆಗಳು ಕರಡಿಮರಿ ಥರ ಇದ್ದವು.

ಮಕ್ಕಳ ಅಮ್ಮ

ಎರಡೂ ಒಂದೇ ಕುದುರೆ ಅಮ್ಮ. ಚಳಿಗಾಲದಲ್ಲಿ ಇವಕ್ಕೆ ದಟ್ಟ ತುಪ್ಪಳ ಬರುತ್ತೆ. ಶೋಗೆ ಮೈಯೆಲ್ಲ ಕ್ಲಿಪ್ಪರ್ ಹಿಡಿದು ತೆಗೀತಾರೆ.

ಹಿಂದಿನ ದಿನ ಕ್ಲಿಪ್ ಮಾಡಬೇಡಿ, ಗೆರೆಗೆರೆ ಕಾಣುತ್ತೆ. ವಾರ, ಹತ್ತು ದಿನ ಮುಂಚೆ ಮಾಡಿದರೆ ಗೆರೆ ಕೂಡಿಕೊಳ್ಳುತ್ತೆ. ಮೊದಲು ಶಾಂಪೂ ಹಾಕಿ ತೊಳೆದು ಪೂರ್ತಿ ಒಣಗಿಸಿ. ಧೂಳು ಕೂತ ಕೂದಲಿಗೆ ಬ್ಲೇಡ್ ಕೊಟ್ಟರೆ ಅರ್ಧಕ್ಕೇ ಮೊಂಡಾಗುತ್ತೆ. ಮೈಗೆ 10 ನಂಬರ್ ಬ್ಲೇಡ್, ಕೂದಲಿನ ದಿಕ್ಕಿಗೆ ಎದುರಾಗಿ. ಆಗಾಗ ಬ್ಲೇಡನ್ನು ನಿಮ್ಮ ಮಣಿಕಟ್ಟಿಗೆ ತಾಗಿಸಿ ನೋಡಿ. ನಿಮಗೆ ಬಿಸಿ ಅಂದ್ರೆ ಅದಕ್ಕೂ ಬಿಸಿ, ನಿಲ್ಲಿಸಿ. ಕಿವಿ ಹತ್ತಿರ ಹೋಗುವ ಮೊದಲು ಕೆಲವು ದಿನ ಆಫ್ ಮಾಡಿದ ಕ್ಲಿಪ್ಪರನ್ನು ಸುಮ್ನೆ ಕಿವಿಗೆ ಸವರಿ, ಆಮೇಲೆ ದೂರದಲ್ಲಿ ಆನ್ ಮಾಡಿ ಶಬ್ದ ಕೇಳಿಸಿ. ಕ್ಲಿಪ್ ಆದ ಮೇಲೆ ಚಳಿ ಇದ್ದರೆ ಕಂಬಳಿ ಹೊದಿಸಲೇಬೇಕು, ಅದರ ಕೋಟನ್ನು ನೀವೇ ಬಿಚ್ಚಿದ್ದೀರಿ.

ಕ್ಲಿಪ್ಪರ್ ಹಿರಿಯರ ಕೈಲಿರಲಿ. ಬ್ರಷ್ ಹಾಕೋದು, ಗೊರಸಿನ ಮಣ್ಣು ಕೆರೆದು ತೆಗೆಯೋದು, ಜೂಲು ಬಾಚೋದು ಮಕ್ಕಳ ಕೆಲಸ. ಅಜ್ಜಿಯೇ ಎಲ್ಲ ಮಾಡಿ ಹಗ್ಗ ಕೈಗೆ ಕೊಟ್ಟರೆ ಜಡ್ಜ್‌ಗೆ ಗೊತ್ತಾಗುತ್ತೆ. "ಕೊನೇ ಸಲ ಗೊರಸು ಕತ್ತರಿಸಿದ್ದು ಯಾವಾಗ? ಏನು ಮೇವು ಹಾಕ್ತೀಯಾ?" ಅಂತ ಮಕ್ಕಳನ್ನೇ ಕೇಳುವ ಜಡ್ಜ್‌ಗಳಿದ್ದಾರೆ. ಬಟ್ಟೆಗೆ ಜಾಸ್ತಿ ಖರ್ಚು ಮಾಡಬೇಡಿ. ಶುಭ್ರವಾದ ಶರ್ಟು, ಪ್ಯಾಂಟು, ಪೂರ್ತಿ ಮುಚ್ಚಿದ ಬೂಟು, ಕಟ್ಟಿದ ಕೂದಲು ಇದ್ದರೆ ಸಣ್ಣ ಶೋಗೆ ಸಾಕು. ಬೆನ್ನಿಗೆ ನಂಬರ್ ಚೀಟಿ ಕಟ್ಟಲು ಪಿನ್ನು ಮರೆಯಬೇಡಿ. ಪಿನ್ನು ಯಾವ ಶೋನಲ್ಲೂ ಸಾಲಲ್ಲ.

ಬಾಯಿಕುಕ್ಕೆ

ಕಾಗದದ ಮಾತು ಯಾರೂ ಹೇಳಲಿಲ್ಲ. ಕಾಗಿನ್ಸ್ ಪರೀಕ್ಷೆ ಅಂತ ಒಂದು ರಕ್ತ ಪರೀಕ್ಷೆ. ಕಚ್ಚುವ ನೊಣಗಳಿಂದ ಹರಡುವ, ಮದ್ದಿಲ್ಲದ ರಕ್ತಹೀನತೆಯ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡೋದಕ್ಕೆ. ಶೋ ಕಚೇರಿಯಲ್ಲಿ ಮೊದಲು ಕೇಳೋದೇ ಅದು. ಸಾಮಾನ್ಯವಾಗಿ 1 ವರ್ಷ ನಡೆಯುತ್ತೆ, ಕೆಲವು ಕಡೆ ಇನ್ನೂ ಕಡಿಮೆ. ರಾಜ್ಯದ ಗಡಿ ದಾಟುವುದಾದರೆ ಡಾಕ್ಟರ್ ಕೊಟ್ಟ ಆರೋಗ್ಯ ಪತ್ರವೂ ಬೇಕು. ಫಲಿತಾಂಶ ಬರೋಕೆ ದಿನ ಹಿಡಿಯುತ್ತೆ, ಮುಂಚೆಯೇ ಮಾಡಿಸಿ. ಧನುರ್ವಾಯು, ರೇಬೀಸ್, ವೆಸ್ಟ್ ನೈಲ್ ಲಸಿಕೆಗಳನ್ನೂ ಅದೇ ಭೇಟಿಯಲ್ಲಿ ಕೇಳಿ. ಶೋನಲ್ಲಿ ಬೇರೆಯವರ ಬಕೆಟ್‌ನಿಂದ ನೀರು ಕುಡಿಸಬೇಡಿ, ನಿಮ್ಮದೇ ಒಯ್ಯಿರಿ.

ರಾಯರು

ಒಂದು ರಿಬ್ಬನ್ನಿಗೆ ಇಷ್ಟೆಲ್ಲ ತಾಪತ್ರಯವಾ? ಮಕ್ಕಳಿಗೆ ಎರಡು ತಿಂಗಳಲ್ಲಿ ಬೇಜಾರಾದರೆ ಲದ್ದಿ ಬಾಚೋರು ಅಜ್ಜಿನೇ.

ಮಕ್ಕಳ ಅಮ್ಮ

ರಾಯರೇ, ಅದು ನಿಜವೇ. ಅದಕ್ಕೇ ಗುತ್ತಿಗೆ ಅಂದೆ.

ನೀಲಿ ರಿಬ್ಬನ್

ರಾಯರೇ, ನನಗೂ ಮಧ್ಯದಲ್ಲಿ ಬೇಜಾರಾಗಿತ್ತು. ತಾತ ಬಲವಂತ ಮಾಡಲಿಲ್ಲ, ಒಂದು ವರ್ಷ ಶೋಗೇ ಹೋಗಲಿಲ್ಲ. ಕುದುರೆಗೆ ಮೇವು ಹಾಕೋದು ಮಾತ್ರ ನನ್ನ ಪಾಲಿಗೇ ಬಿಟ್ಟರು. ಆಮೇಲೆ ನಾನೇ ಕೇಳಿ ವಾಪಸ್ ಹೋದೆ. ಅಂದಹಾಗೆ ಅಜ್ಜಿ, ಇಲ್ಲಿ ಮೊದಲ ಬಹುಮಾನಕ್ಕೆ ನೀಲಿ, ಎರಡನೆಯದಕ್ಕೆ ಕೆಂಪು. ಕೆನಡಾ, ಬ್ರಿಟನ್‌ನಲ್ಲಿ ಉಲ್ಟಾ. ಅಲ್ಲಿರೋ ನಮ್ಮ ಚಿಕ್ಕಮ್ಮ ಫೋಟೋ ನೋಡಿ "ಅಯ್ಯೋ, ಸೆಕೆಂಡಾ?" ಅಂದಿದ್ರು.

ಹಿತ್ತಲಮನೆ ಅಜ್ಜಿ

ರಾಯರೇ, ಲದ್ದಿ ಬಾಚೋಕೆ ನಾನು ತಯಾರಿದ್ದೇ ಬಂದಿದ್ದೇನೆ, ಚಿಂತೆ ಬೇಡ.

ಒಂದು ಗೆಲ್ಡಿಂಗ್ ಸಿಕ್ಕಿದೆ. 11 ವರ್ಷ, 33 ಇಂಚು, ಪೇಪರ್ ಇದೆ. ಅವರ ಮಗಳು ದೊಡ್ಡವಳಾಗಿ ಓದಲು ಹೋದಳಂತೆ. ಅದರ ಜೊತೆಗಿರುವ ಹಳೇ ಹೆಣ್ಣು ಕುದುರೆಯನ್ನೂ ಕೊಡುತ್ತಾರೆ. ಶನಿವಾರ ಮಕ್ಕಳ ಜೊತೆ ನೋಡಲು ಹೋಗ್ತೀವಿ. ಏನೇನು ನೋಡಬೇಕು?

ಮೂವತ್ನಾಲ್ಕು ಇಂಚು

ಕೇಳೋದಕ್ಕೆ ಚೆನ್ನಾಗಿದೆ. ಮುಂಚೆಯೇ ಹಿಡಿದು, ತೊಳೆದು, ಕಟ್ಟಿ ನಿಲ್ಲಿಸಬೇಡಿ ಅಂತ ಅವರಿಗೆ ಫೋನಲ್ಲೇ ಹೇಳಿ. ಮೇಯುತ್ತಿರುವುದನ್ನು ಹಿಡಿಯೋದರಿಂದ ನೋಡಬೇಕು. ಮೊದಲು ಅವರು ಹಿಡಿಯಲಿ, ಆಮೇಲೆ ಬಿಟ್ಟು ನಿಮ್ಮ ಮೊಮ್ಮಗಳು ಹಿಡಿಯಲಿ. ಹಾಲ್ಟರ್ ಕಂಡು ಓಡುತ್ತಾ, ತಲೆ ತಗ್ಗಿಸಿ ಕೊಡುತ್ತಾ ನೋಡಿ. ನಾಲ್ಕೂ ಗೊರಸು ಎತ್ತಿಸಿ. ಕಿವಿ, ಮೂತಿ, ಹೊಟ್ಟೆ ಅಡಿ ಮುಟ್ಟಿಸಿ. ಗಟ್ಟಿ ನೆಲದ ಮೇಲೆ ನೇರವಾಗಿ ಓಡಿಸಿದರೆ ಕುಂಟುವುದು ತಿಳಿಯುತ್ತೆ. ತುಟಿ ಬಿಡಿಸಿ ಮುಂದಿನ ಹಲ್ಲುಗಳು ಸರಿಯಾಗಿ ಕೂಡುತ್ತವಾ ನೋಡಿ. ಕತ್ತಿನ ಮೇಲೆ ಗಟ್ಟಿ ಕೊಬ್ಬಿನ ಏರಿ ಇದ್ದರೆ ಹಿಂದೆ ಲ್ಯಾಮಿನೈಟಿಸ್ ಆಗಿತ್ತಾ ಅಂತ ನೇರವಾಗಿ ಕೇಳಿ. ಟ್ರೇಲರ್ ಇದ್ದರೆ ಹತ್ತಿಸಿ ಇಳಿಸಿ ತೋರಿಸಲು ಹೇಳಿ. ಹೆಣ್ಣು ಕುದುರೆ ಗಬ್ಬ ಇಲ್ಲ ಅನ್ನೋದೂ ಖಾತ್ರಿ ಆಗಲಿ. ಈ ಜಾತಿಯಲ್ಲಿ ಹೆರಿಗೆ ಕಷ್ಟ ಜಾಸ್ತಿ, ಹೊಸಬರಿಗೆ ಅದು ಬೇಡ.

ಚಿಕ್ಕವನನ್ನು ಸ್ವಲ್ಪ ಹೊತ್ತು ಗಲಾಟೆ ಮಾಡಲು ಬಿಡಿ, ಬೇಲಿ ಆಚೆ. ಕುದುರೆ ಏನು ಮಾಡುತ್ತೆ ಅನ್ನೋದು ಮುಖ್ಯ.

ಅವತ್ತೇ ದುಡ್ಡು ಕೊಡಬೇಡಿ. ನಿಮ್ಮದೇ ಡಾಕ್ಟರ್ ನೋಡಿದ ಮೇಲೆ ಕೊಡ್ತೀವಿ ಅನ್ನಿ. ಒಳ್ಳೆ ಮನೆಯವರು ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಹಿತ್ತಲಮನೆ ಅಜ್ಜಿ

ಎಲ್ಲ ಬರೆದುಕೊಂಡೆ. ಗಲಾಟೆ ಮಾಡುವ ಭಾಗಕ್ಕೆ ನಮ್ಮವನಿಗೆ ತರಬೇತಿ ಬೇಕಿಲ್ಲ. ಹೆಣ್ಣು ಕುದುರೆಯ ವಿಷಯ ನನಗೆ ಹೊಳೆದಿರಲಿಲ್ಲ. ಡಾಕ್ಟರ್ ಬುಧವಾರಕ್ಕೆ ಸಮಯ ಕೊಟ್ಟಿದ್ದಾರೆ, ಎರಡನ್ನೂ ಒಟ್ಟಿಗೇ ತೋರಿಸಿ ಕಾಗಿನ್ಸ್‌ಗೂ ರಕ್ತ ತೆಗೆಸುತ್ತೇವೆ.